ಅವ್ವನ ಗುರೆಳ್ಳು ಚಟ್ನಿ ಗೋಡೆಗೆ ಬಂದದ್ದು

ಧಾರವಾಡದ ಮನೆಯ ಅಡುಗೆಕೋಣೆಯ ಗೂಡಿನಲ್ಲಿ ಅವ್ವನ ಒಂದು ಹಳೇ ನೋಟ್‌ಬುಕ್ಕಿದೆ. ಅದರಲ್ಲೊಂದು ಹಾಳೆ ಗುರೆಳ್ಳು ಚಟ್ನಿಯದು: ಗುರೆಳ್ಳು ಎರಡು ವಾಟಗ, ಒಣ ಮೆಣಸಿನಕಾಯಿ ಎಂಟು-ಹತ್ತು, ಬಳ್ಳೊಳ್ಳಿ ಒಂದು ಗಡ್ಡಿ, ಹುಣಸೆಹಣ್ಣು ಅಡಿಕೆಯಷ್ಟು. ಮೂಲೆಯಲ್ಲಿ ಎಣ್ಣೆಯ ಕಲೆ. ‘ಳ್ಳ’ ಬರೆಯುವಾಗ ಅವ್ವ ಒತ್ತಿನ ಬಾಲವನ್ನು ಪಕ್ಕದ ಅಕ್ಷರದ ಕೆಳಗಿನವರೆಗೂ ಎಳೆಯುತ್ತಾಳೆ. ಪುಣೆಯ ಕೋಥರೂಡಿನ ನಮ್ಮ ಅಡುಗೆಮನೆಗೆ ಹಳೇ ಕಾಲದ ನೋಟದ ಒಂದು ಗೋಡೆಫಲಕ ಮಾಡಬೇಕು ಅನ್ನಿಸಿದಾಗ, ಅದರ ನಡುವೆ ಈ ಹಾಳೆಯೇ ಬರಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಅಂಗಡಿಯಲ್ಲಿ ಸಿಗುವ ಫಲಕಗಳನ್ನು ನೋಡಿದ್ದೆ. ಗೀರುಗಳೆಲ್ಲ ಯಂತ್ರದಿಂದ ಎಳೆದವು, ಎಲ್ಲ ಕಡೆ ಒಂದೇ ಸಮ. ಹಳೆಯ ವಸ್ತು ಹಾಗೆ ಸವೆಯುವುದಿಲ್ಲ.

ಹಲಗೆ ಸಿಕ್ಕಿದ್ದು ಪುಣೆಯ ಜುನಾ ಬಾಜಾರಿನಲ್ಲಿ, ಬುಧವಾರ ಮತ್ತು ರವಿವಾರ ಸೇರುವ ಹಳೇ ಸಾಮಾನಿನ ಸಂತೆಯಲ್ಲಿ. ಯಾವುದೋ ವಾಡೆಯ ಬಾಗಿಲಿನ ತುಂಡು, 24 ಇಂಚು ಉದ್ದ, 14 ಇಂಚು ಅಗಲ. ‘ಜುನಾ ಸಾಗ್ ಆಹೇ, ತಾಈ’ (ಹಳೇ ಸಾಗವಾನಿ, ಅಕ್ಕಾ) ಅಂದ ಮಾರುವವನ ಮಾತು ನಿಜವಾಗಿತ್ತು. ಹಿಂಬದಿ ಸ್ವಲ್ಪ ಹೆರೆದು ನೋಡಿದರೆ ಸಾಗವಾನಿಯ ಆ ಎಣ್ಣೆವಾಸನೆ ಇನ್ನೂ ಇತ್ತು. ಮುಂಬದಿಯಲ್ಲಿ ಹಸಿರು ಬಣ್ಣದ ಪದರುಗಳು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೇ ಬಾಗಿಲಿನ ಬಣ್ಣದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಸೀಸ ಇರಬಹುದು. ಹಾಗಾಗಿ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಲಿಲ್ಲ. ಬಾಲ್ಕನಿಯಲ್ಲಿ ಮಾಸ್ಕ್ ಹಾಕಿಕೊಂಡು, ನೀರು ಹಚ್ಚುತ್ತಾ ವಾಟರ್ ಪೇಪರಿನಿಂದ (ನೀರಿಗೆ ಹರಿಯದ ಉಜ್ಜುಕಾಗದ) ಉಜ್ಜಿದೆ, ಮೊದಲು ಒರಟಾದ 80 ನಂಬರ್, ಆಮೇಲೆ ನಯವಾದ 220. ಮಗಳನ್ನು ಅತ್ತ ಸುಳಿಯಗೊಡಲಿಲ್ಲ. ಬಟ್ಟೆ, ಕೆಸರು ಎಲ್ಲವನ್ನೂ ಕಟ್ಟಿ ಬೇರೆಯಾಗಿ ಎಸೆದೆ. ಸಾಗವಾನಿಯ ಎಣ್ಣೆಗೆ ಬಣ್ಣ ಸರಿಯಾಗಿ ಕಚ್ಚುವುದಿಲ್ಲ. ಹಲಗೆ ಒಣಗಿದ ಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿಕೊಂಡೇ ಮುಂದಿನ ಕೆಲಸ.

ಬಣ್ಣ ಮುಟ್ಟುವ ಮೊದಲು ಒಂದು ಸಂಜೆ ಪೂರ್ತಿ ನೋಡುವುದರಲ್ಲೇ ಕಳೆದೆ. ಬಾಗಿಲು ಸವೆಯುವುದು ಚಿಲಕದ ಸುತ್ತ, ಕೈ ತಾಗುವ ಅಂಚಿನಲ್ಲಿ, ಮೂಲೆಗಳಲ್ಲಿ. ನಟ್ಟನಡುವೆ ಬಣ್ಣ ಗಟ್ಟಿಯಾಗಿಯೇ ಉಳಿದಿರುತ್ತದೆ. ಗಾಢ ಕಂದು ಬಣ್ಣದ ಮೊದಲ ಕೈ ಒಣಗಿದ ಮೇಲೆ, ಸವೆಯಬೇಕಾದ ಆ ಜಾಗಗಳಿಗೆ ಮಾತ್ರ ಮೇಣದಬತ್ತಿ ಉಜ್ಜಿದೆ. ಅದರ ಮೇಲೆ ಬೆಣ್ಣೆಬಣ್ಣದ ಅಕ್ರಿಲಿಕ್. ಮೇಣ ಇರುವಲ್ಲಿ ಮೇಲಿನ ಬಣ್ಣ ಹಿಡಿಯುವುದಿಲ್ಲ, ಪೇಪರಿನಿಂದ ಎರಡು ಸಲ ಸವರಿದರೆ ಕಂದು ತಾನಾಗಿ ಇಣುಕುತ್ತದೆ.

ಎಡಬಲದ ಮೂರಿಂಚು ಪಟ್ಟಿಗಳಲ್ಲಿ ಬಿರುಕು ಬೇಕಿತ್ತು. ಅದಕ್ಕೆ ಫೆವಿಕಾಲೇ ಸಾಕು. ಕಂದು ಬಣ್ಣದ ಮೇಲೆ ಫೆವಿಕಾಲ್ ಹಚ್ಚಿ, ಅದು ಬೆರಳಿಗೆ ಅಂಟುವಷ್ಟು ಹಸಿ ಇರುವಾಗಲೇ ಮೇಲಿನ ಬಣ್ಣ ಕೊಡಬೇಕು. ಮೇಲಿನ ಪದರು ಬೇಗ ಬಿಗಿಯುತ್ತದೆ, ಕೆಳಗಿನ ಅಂಟು ಇನ್ನೂ ಜಾರುತ್ತಿರುತ್ತದೆ. ಆ ಎಳೆದಾಟಕ್ಕೆ ಬಣ್ಣ ಸೀಳುತ್ತದೆ. ಅಂಟು ದಪ್ಪವಿದ್ದರೆ ಬಿರುಕು ಅಗಲ, ತೆಳುವಾದರೆ ಕೂದಲೆಳೆಯಷ್ಟು. ಮೊದಲ ಪ್ರಯತ್ನದಲ್ಲಿ ಅಂಟನ್ನು ಪೂರ್ತಿ ಒಣಗಲು ಬಿಟ್ಟಿದ್ದೆ, ಒಂದು ಬಿರುಕೂ ಬರಲಿಲ್ಲ. ಎರಡನೆಯ ಸಲ ಅದೇ ಜಾಗದ ಮೇಲೆ ಬ್ರಶ್ಶನ್ನು ಮತ್ತೆ ಆಡಿಸಿದೆ, ಎಲ್ಲ ಕಲಸಿ ಕೆಸರಾಯಿತು. ಚಪ್ಪಟೆ ಬ್ರಶ್ಶು, ಒಂದೇ ದಿಕ್ಕು, ಒಂದೇ ಎಳೆತ. ಆಮೇಲೆ ಕೈ ಕಟ್ಟಿಕೊಂಡು ನಿಲ್ಲಬೇಕು. ಕಣ್ಣೆದುರೇ, ಬೇಸಿಗೆಯ ಕೆರೆಯಂಗಳದಂತೆ, ಗೆರೆಗಳು ಒಂದೊಂದಾಗಿ ಬಾಯಿ ಬಿಡುವುದನ್ನು ನೋಡುವ ಸುಖವೇ ಬೇರೆ.

ಇನ್ನು ಅವ್ವನ ಅಕ್ಷರ. ಹಾಳೆಯನ್ನು ಸ್ಕ್ಯಾನ್ ಮಾಡಿಸಿ ಅಪ್ಪಾ ಬಳವಂತ ಚೌಕದಲ್ಲಿ ಲೇಸರ್ ಪ್ರಿಂಟ್ ತೆಗೆಸಿದೆ. ಇಂಕ್‌ಜೆಟ್ ಆಗದು, ನೀರು ತಾಗಿದರೆ ಶಾಯಿ ಹರಡುತ್ತದೆ. ಪ್ರಿಂಟು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರಬೇಕು. ಹಲಗೆಯ ನಡುವೆ ಅಕ್ರಿಲಿಕ್ ಜೆಲ್ ಮೀಡಿಯಂ (ಒಣಗಿದ ಮೇಲೆ ನೀರಿಗೆ ಕರಗದ, ಅಂಟಿನಂಥ ಲೇಪ) ಬಳಿದು, ಹಾಳೆಯನ್ನು ಬೋರಲು ಹಾಕಿ, ಗುಳ್ಳೆ ನಿಲ್ಲದಂತೆ ಒತ್ತಿ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹಿಂಬದಿಗೆ ನೀರು ಹಚ್ಚಿ ಬೆರಳತುದಿಯಿಂದ ಉಜ್ಜಿದರೆ ಕಾಗದ ಸುರುಳಿ ಸುರುಳಿಯಾಗಿ ಬಿಡುತ್ತದೆ, ಅಕ್ಷರ ಮರದಲ್ಲೇ ಉಳಿಯುತ್ತದೆ. ಬೇರೊಂದು ಚೂರು ಹಲಗೆಯ ಮೇಲೆ ಇದನ್ನೇ ಫೆವಿಕಾಲಿನಿಂದ ಮಾಡಿ ನೋಡಿದ್ದೆ. ನೀರಿಗೆ ಅಂಟು ಮೆತ್ತಗಾಗಿ ಅಕ್ಷರವೂ ಎದ್ದು ಬಂತು. ‘ಬಳ್ಳೊಳ್ಳಿ’ಯ ಉದ್ದ ಬಾಲ ಮೂಡಿದಾಗ ನನ್ನ ಕೈ ತಾನಾಗಿ ನಿಧಾನವಾಯಿತು. ಅವ್ವನ ಬೆರಳು ಹಿಡಿದುಕೊಂಡ ಹಾಗಿತ್ತು.

ಕೆಳಗೆ ಮೂರು ಕಬ್ಬಿಣದ ಕೊಕ್ಕೆ. ಅವುಗಳಿಗೆ ಅಜ್ಜಿಯ ಹಿತ್ತಾಳೆ ಸೌಟು, ಬಾಜಾರಿನಲ್ಲಿ ಕೊಂಡ ಒಂದು ಝಾರಿ, ಕಸಬಾ ಪೇಠೆಯ ತಾಂಬಟ ಆಳಿಯಿಂದ ತಂದ ತಾಮ್ರದ ಪುಟ್ಟ ಲೋಟ. ಪೇಶವೆಯರ ಕಾಲದಿಂದ ತಾಂಬಟರು ತಾಮ್ರ ಬಡಿಯುತ್ತಿರುವ ಓಣಿ ಅದು. ಸುತ್ತಿಗೆಯ ಪೆಟ್ಟು ಒಂದರ ಪಕ್ಕ ಒಂದು ಕೂರಿಸುವ ಮಠಾರ್ ಕೆಲಸವನ್ನು ಒಮ್ಮೆ ನಿಂತು ನೋಡಿ. ಹಳೇ ಹಿತ್ತಾಳೆ ಕೊಳ್ಳುವಾಗ ಜೇಬಿನಲ್ಲೊಂದು ಅಯಸ್ಕಾಂತ ಇರಲಿ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಮನೆಗೆ ತಂದ ಮೇಲೆ ಹುಣಸೆಹಣ್ಣಿನಿಂದ ಕಿಲುಬು ಮಾತ್ರ ತೆಗೆದೆ. ಫಳಫಳ ಹೊಳೆಸಲಿಲ್ಲ.

ಕೊನೆಗೆ ಎಣ್ಣೆ ಆಧಾರದ ಪಾಲಿಯುರೆಥೇನ್ ವಾರ್ನಿಶ್, ತೆಳುವಾಗಿ ಎರಡು ಕೈ. ನೀರಿನ ವಾರ್ನಿಶ್ ಬಿರುಕಿನ ಕೆಳಗಿನ ಫೆವಿಕಾಲನ್ನು ಮತ್ತೆ ಎಬ್ಬಿಸುತ್ತದೆ. ಪುಣೆಯ ಜುಲೈ ತಿಂಗಳ ತೇವಕ್ಕೆ ಒಂದೊಂದು ಕೈ ಒಣಗಲು ಎರಡೆರಡು ದಿನ ಹಿಡಿಯಿತು. ಒಲೆಯ ಮೇಲೆ ತೂಗುಹಾಕಲಿಲ್ಲ, ಒಗ್ಗರಣೆಯ ಜಿಡ್ಡು ಬಿರುಕಿನಲ್ಲಿ ಕೂತರೆ ತೆಗೆಯಲಾಗದು. ಎದುರು ಗೋಡೆಯಲ್ಲಿ, ಟೈಲ್ಸ್ ಮುಗಿಯುವಲ್ಲಿಂದ ಮೇಲೆ, 8 ಎಂಎಂ ಪ್ಲಗ್ಗಿನ ಎರಡು ಸ್ಕ್ರೂಗಳಿಗೆ ಹಾಕಿದೆ.

ಫೋಟೊ ಕಳಿಸಿದ ಕೂಡಲೇ ಅವ್ವ ಫೋನ್ ಮಾಡಿದಳು. ‘ಅಯ್ಯ, ಉಪ್ಪು ಎಷ್ಟಂತ ಬರದೇ ಇಲ್ಲಲ್ಲ ಅದರಾಗ!’ ಅಂದಳು. ಇಷ್ಟು ದಿನ ನಾನೂ ಅದನ್ನು ಗಮನಿಸಿರಲಿಲ್ಲ. ಹುಣಸೆಹಣ್ಣಿನ ಸಾಲಿನ ಕೆಳಗೆ ಒಂದು ಸಾಲಿನ ಜಾಗ ಖಾಲಿ ಇದೆ. ದಸರೆಗೆ ಅವ್ವ ಬರುತ್ತಾಳೆ. ಅಷ್ಟರೊಳಗೆ ಅಲ್ಲಿನ ವಾರ್ನಿಶ್ಶನ್ನು ಮೆಲ್ಲಗೆ ಉಜ್ಜಿ ಒರಟು ಮಾಡಿ, ಕಪ್ಪು ಪೆನ್ನು ತಂದಿಟ್ಟಿರುತ್ತೇನೆ. ಅವಳು ಬರೆದ ಮೇಲೆ ಇನ್ನೊಂದು ಕೈ ವಾರ್ನಿಶ್ ಕೊಡಬೇಕು.