ಬಾಬಿನ್ ಕೇಸ್ ಸ್ಕ್ರೂ ಮುಟ್ಟುವ ಮುಂಚೆ

ನನ್ನದು ಕಾಲಲ್ಲಿ ತುಳಿಯುವ ಹಳೇ ಕಪ್ಪು ಮಷಿನ್. ಹದಿನೈದು ವರ್ಷದಿಂದ ಅದರಲ್ಲೇ ರವಿಕೆ ಹೊಲೀತಿದ್ದೀನಿ. ಹೋದ ಗೌರಿ ಹಬ್ಬದ ಹೊತ್ತಿಗೆ, ಆರು ರವಿಕೆ ಬಾಕಿ ಇರುವಾಗ ಹೊಲಿಗೆ ಕೆಟ್ಟಿತು. ಮೇಲಿಂದ ನೋಡಿದರೆ ನೆಟ್ಟಗಿದೆ. ತಿರುಗಿಸಿದರೆ ಲೈನಿಂಗ್ ಮೇಲೆ ದಾರ ಕುಣಿಕೆ ಕುಣಿಕೆಯಾಗಿ ನಿಂತಿದೆ, ಉಗುರಲ್ಲಿ ಎಳೆದರೆ ಸಲೀಸಾಗಿ ಬಿಚ್ಚಿಕೊಂಡು ಬರುತ್ತೆ.

ಕೆಳಗಡೆ ಕೆಟ್ಟಿದೆಯಲ್ಲ ಅಂತ ಬಾಬಿನ್ ಕೇಸಿನ (ಕೆಳಗಿನ ದಾರ ಸುತ್ತಿದ ಉರುಳೆ, ಅಂದರೆ ಬಾಬಿನ್, ಕೂರುವ ಡಬ್ಬಿ) ಸಣ್ಣ ಸ್ಕ್ರೂ ಬಿಗಿ ಮಾಡಿದೆ. ಕುಣಿಕೆ ಇನ್ನೂ ಹೆಚ್ಚಾಯಿತು. ಆಮೇಲೆ ಅದೇ ಬಟ್ಟೆಯ ಚೂರು ಎರಡು ಪದರ ಮಾಡಿ, ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿ ಹೊಲಿದೆ. ಕೆಳಗಿನ ಕುಣಿಕೆಗಳೆಲ್ಲ ಕೆಂಪು! ಮೇಲಿನ ದಾರಕ್ಕೇ ಹಿಡಿತ ಇರಲಿಲ್ಲ, ಬಾಬಿನ್ ದಾರ ಅದನ್ನು ಕೆಳಕ್ಕೆ ಎಳೆದುಕೊಳ್ಳುತ್ತಿತ್ತು.

ಮೇಲಿನ ದಾರದ ಬಿಗಿ ಹೆಚ್ಚು ಕಡಿಮೆ ಮಾಡುವ ಟೆನ್ಷನ್ ನಟ್ ಎಷ್ಟು ತಿರುಗಿಸಿದರೂ ಏನೂ ಬದಲಾಗಲಿಲ್ಲ. ಹಾಗಾದರೆ ಆ ನಟ್ ಹಿಂದೆ ದಾರವನ್ನು ಒತ್ತಿ ಹಿಡಿಯುವ ಎರಡು ದುಂಡು ತಟ್ಟೆಗಳ ನಡುವೆ ಏನೋ ಸಿಕ್ಕಿಕೊಂಡಿರಬೇಕು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫೂಟ್ ಎತ್ತಿದರೆ ತಟ್ಟೆಗಳು ಸಡಿಲವಾಗುತ್ತವೆ. ಎತ್ತಿ, ತೆಳು ಹತ್ತಿ ಬಟ್ಟೆಯ ಪಟ್ಟಿಯನ್ನು ನಡುವೆ ತೂರಿಸಿ ಹಿಂದೆ ಮುಂದೆ ಎಳೆದೆ. ಅಕ್ಕಿ ಕಾಳಿನಷ್ಟು ನೂಲಿನ ಧೂಳು ಬಂತು, ಅದರೊಳಗೆ ಒಂದು ಎಳೆ ಜರಿ. ಇಲ್ಲಿ ಪಿನ್ನು, ಸೂಜಿ ಮಾತ್ರ ಆಡಿಸಬೇಡಿ. ತಟ್ಟೆಗೆ ಗೀರು ಬಿದ್ದರೆ ದಾರ ಅಲ್ಲೇ ಸವೆದು ಹೋಗುತ್ತೆ.

ಫೂಟ್ ಎತ್ತಿಕೊಂಡೇ ದಾರ ಪೋಣಿಸಬೇಕು, ಇಳಿಸಿದ್ದರೆ ದಾರ ತಟ್ಟೆಗಳ ನಡುವೆ ಸರಿಯಾಗಿ ಕೂರಲ್ಲ. ಪೋಣಿಸಿ, ಫೂಟ್ ಇಳಿಸಿ ಎಳೆದಾಗ ದಾರ ಬಿಗಿಯಾಗಿ ಬಂತು. ಆಗ ಸಮಾಧಾನವಾಯಿತು.

ನಾನು ಕೆಡಿಸಿದ್ದ ಬಾಬಿನ್ ಸ್ಕ್ರೂ ಸರಿಮಾಡುವುದು ಬಾಕಿ ಇತ್ತು. ಕೆಳಗೆ ಸ್ಟೀಲ್ ತಟ್ಟೆ ಇಟ್ಟುಕೊಂಡೆ, ಆ ಸ್ಕ್ರೂ ನೆಲಕ್ಕೆ ಬಿದ್ದರೆ ಸಿಗಲ್ಲ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಲಿಲ್ಲ. ಪ್ರತಿ ಸಲ ಬಾಬಿನ್ ತುಂಬಿದ ಕೇಸನ್ನು ದಾರದ ತುದಿ ಹಿಡಿದು ತೂಗುಬಿಟ್ಟು, ಕೈಯನ್ನು ಸ್ವಲ್ಪ ಜಗ್ಗಿ ನೋಡಿದೆ. ಜಗ್ಗಿದಾಗ ಒಂದೆರಡು ಇಂಚು ಇಳಿದು ನಿಂತರೆ ಸರಿ. ಜಾರಿಕೊಂಡೇ ಹೋದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ.

ಕೊನೆಗೆ ಚೂರು ಬಟ್ಟೆಯ ಮೇಲೆ ಓರೆಯಾಗಿ ಹೊಲಿದು, ಎರಡೂ ಕೈಯಲ್ಲಿ ಹಿಡಿದು ದಾರ ಕಡಿಯುವವರೆಗೆ ಎಳೆದೆ. ಮೊದಲ ಸಲ ಕೆಂಪು ಮಾತ್ರ ಕಡಿಯಿತು, ಅಂದರೆ ಮೇಲೆ ಬಿಗಿ ಜಾಸ್ತಿ. ನಟ್ ಸ್ವಲ್ಪ ಸಡಿಲ ಮಾಡಿದ ಮೇಲೆ ಎರಡೂ ಒಟ್ಟಿಗೆ ಕಡಿದವು. ಆಮೇಲೇ ರೇಷ್ಮೆ ರವಿಕೆ ಕೈಗೆ ತಗೊಂಡೆ.

ಈಗ ಜರಿ ಬಟ್ಟೆ ಹೊಲಿದ ದಿನ, ಮಷಿನ್ ಮುಚ್ಚುವ ಮುಂಚೆ ಆ ಹತ್ತಿ ಪಟ್ಟಿಯನ್ನು ತಟ್ಟೆಗಳ ನಡುವೆ ಒಮ್ಮೆ ಎಳೀತೀನಿ.