ಅಜ್ಜಿಯ ಮಾತು ಅತ್ತೆಗೆ ಕಾಣುವಂತೆ: ವಿಡಿಯೋಗೆ ಸಬ್‌ಟೈಟಲ್ ಹಾಕುವುದು

ನನ್ನ ಸೋದರತ್ತೆ ಶಿರಸಿಯಿಂದ ಕುಮಟಾಕ್ಕೆ ಮದುವೆಯಾಗಿ ಹೋದವಳು. ಆರು ವರ್ಷದಿಂದ ಅವಳಿಗೆ ಕಿವಿ ಪೂರ್ತಿ ಕೇಳುವುದಿಲ್ಲ. ಕಳೆದ ಆಲೆಮನೆ ಹೊತ್ತಿನಲ್ಲಿ ಅಜ್ಜಿ ತೊಡದೇವು (ಹಾಳೆಯಂತೆ ತೆಳ್ಳಗಿನ ಸಿಹಿ ತಿಂಡಿ) ಮಾಡುವುದನ್ನು ಮೊಬೈಲಿನಲ್ಲಿ ಹಿಡಿದು ಅವಳಿಗೆ ಕಳಿಸಿದೆ. ಒಂಬತ್ತು ನಿಮಿಷದ ವಿಡಿಯೋ. ‘ಆಯಿ ಎಂತ ಹೇಳ್ತಾ ಇದ್ದು?’ (ಅಮ್ಮ ಏನು ಹೇಳುತ್ತಿದ್ದಾಳೆ) ಎಂದು ಮೆಸೇಜು ಬಂತು. ಅವತ್ತೇ ಸಬ್‌ಟೈಟಲ್ ಹಾಕುವುದನ್ನು ಕಲಿಯಲು ಕೂತೆ.

ಇದಕ್ಕೆ ದುಡ್ಡು ಬೇಡ. ಯೂಟ್ಯೂಬಿಗೆ ವಿಡಿಯೋ ಹಾಕಿ ತಿದ್ದುವ ಜಾಗವಾದ ಯೂಟ್ಯೂಬ್ ಸ್ಟುಡಿಯೋ ಸಾಕು. ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ಮಾಡಿ. ಮೊದಲು ವಿಡಿಯೋವನ್ನು ‘ಅನ್‌ಲಿಸ್ಟೆಡ್’ ಎಂದು ಅಪ್‌ಲೋಡ್ ಮಾಡಿ. ಆಗ ಲಿಂಕ್ ಸಿಕ್ಕವರು ಮಾತ್ರ ನೋಡಬಹುದು. ಮನೆಯ ವಿಡಿಯೋ ಅಲ್ವಾ, ಊರಿಗೆಲ್ಲ ಯಾಕೆ?

ಸ್ಟುಡಿಯೋದ ಎಡಗಡೆ ಪಟ್ಟಿಯಲ್ಲಿ ‘ಸಬ್‌ಟೈಟಲ್ಸ್’ ಒತ್ತಿ, ನಿಮ್ಮ ವಿಡಿಯೋ ಆರಿಸಿ, ಭಾಷೆ ಕೇಳಿದರೆ ಕನ್ನಡ ಕೊಡಿ. ಆಮೇಲೆ ‘ಆ್ಯಡ್’ ಒತ್ತಿ ‘ಟೈಪ್ ಮ್ಯಾನ್ಯುವಲಿ’ಗೆ ಹೋಗಿ. ಯಂತ್ರವೇ ಕೇಳಿ ಬರೆಯುವ ಸೌಲಭ್ಯವೂ ಇದೆ. ನಮ್ಮ ಅಜ್ಜಿಯ ಹವ್ಯಕ ಕನ್ನಡದ ಮಾತನ್ನು ನಾನು ಅದಕ್ಕೆ ಒಪ್ಪಿಸುವುದಿಲ್ಲ.

ಒಂದು ವಾಕ್ಯ ಕೇಳಿ, ನಿಲ್ಲಿಸಿ, ಬರೆಯಿರಿ. ಶಿಫ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ವಿಡಿಯೋ ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡುತ್ತದೆ. ಶಿಫ್ಟ್ ಮತ್ತು ಎಡ ಬಾಣ ಒತ್ತಿದರೆ ಒಂದು ಸೆಕೆಂಡ್ ಹಿಂದೆ ಹೋಗುತ್ತದೆ. ಹಲ್ಲಿಲ್ಲದ ಬಾಯಿಯ ಮಾತನ್ನು ನಾಲ್ಕು ಸಲ ಕೇಳಬೇಕಾಗುತ್ತದೆ, ಹಾಗಾಗಿ ಹೀಗೆ ಒತ್ತುವುದು ಬೆರಳಿಗೆ ರೂಢಿಯಾಗಲಿ. ಬರೆದ ಪ್ರತಿ ಸಾಲೂ ಕೆಳಗಿನ ಪಟ್ಟಿಯಲ್ಲಿ ಒಂದು ಚೌಕವಾಗಿ ಕಾಣುತ್ತದೆ. ಅದರ ತುದಿ ಹಿಡಿದು ಎಳೆದು, ಬಾಯಿ ತೆರೆದಾಗ ಸಾಲು ಬರುವಂತೆ ಕೂರಿಸಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ. ನಾನು ಸಾಲಿಗೆ ಐದಾರು ಪದ ಇಡುತ್ತೇನೆ. ಅತ್ತೆಯ ಕಣ್ಣಿಗೆ ಅಷ್ಟು ಹಿತ.

ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿಟ್ಟದ್ದನ್ನು ತಂದು ಅಂಟಿಸಬೇಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಅಕ್ಷರವೇ ಆಗಬೇಕು. ನಡುನಡುವೆ ‘ಸೇವ್ ಡ್ರಾಫ್ಟ್’ ಒತ್ತುತ್ತಿರಿ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಹೇಳಲಾಗುವುದಿಲ್ಲ.

ಇನ್ನು ನನಗೆ ಮುಖ್ಯವಾದ ಮಾತು. ಮೊದಲ ಸಲ ನಾನು ಅಜ್ಜಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದೆ. ‘ಮಡಕೆ ಚೆನ್ನಾಗಿ ಕಾಯಬೇಕು, ಆಮೇಲೆ ಎಣ್ಣೆ ಸವರಬೇಕು’ ಅಂತ. ಅತ್ತೆ ನೋಡಿ, ‘ಆಯಿ ಹಿಂಗೆ ಮಾತಾಡ್ತಿಲ್ಲೆ’ ಎಂದು ಬರೆದಳು. ಅವಳಿಗೆ ಬೇಕಾಗಿದ್ದು ತೊಡದೇವಿನ ವಿಧಾನ ಅಲ್ಲ, ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳಿಗೆ ಬೇಕಾಗಿದ್ದು ತಾಯಿಯ ದನಿ. ಒಂಬತ್ತು ನಿಮಿಷವನ್ನೂ ಮತ್ತೆ ಬರೆದೆ. ‘ಗಡಿಗೆ ಚೊಲೋ ಕಾಯವು, ಕಡಿಗೆ ಎಣ್ಣೆ ಸವರವು.’ ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ. ಅಜ್ಜಿ ನಡುವೆ ಬೆಕ್ಕನ್ನು ಬೈದರೆ ಅದನ್ನೂ ಬರೆಯಿರಿ.

ಮಾತಲ್ಲದ ಸದ್ದನ್ನೂ ಬಿಡಬೇಡಿ. ಅಕ್ಕಿಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಬೋರಲು ಗಡಿಗೆಯ ಮೇಲೆ ಎಳೆದಾಗ ಬರುವ ಸದ್ದನ್ನು ಚೌಕ ಕಂಸದಲ್ಲಿ [ಚುಂಯ್] ಎಂದು ಹಾಕಿದೆ. ಅಜ್ಜಿ ಸುಮ್ಮನಿದ್ದು ಹಾಳೆಯಂಥ ತೊಡದೇವನ್ನು ಬಿಡಿಸುವಾಗ ಏನೂ ಹಾಕಲಿಲ್ಲ. ಅಲ್ಲಿ ಕಣ್ಣು ಅಕ್ಷರದ ಮೇಲಲ್ಲ, ಕೈಯ ಮೇಲೆ ಇರಬೇಕು. ಅಕ್ಷರ ಕೆಳಗೆ ಬರುವುದರಿಂದ ಗಡಿಗೆ ಮುಚ್ಚಿಹೋಗಿತ್ತು. ಶೂಟ್ ಮಾಡುವಾಗಲೇ ಕೆಳಗಿನ ಭಾಗ ಖಾಲಿ ಇರುವಂತೆ ಮೊಬೈಲ್ ಹಿಡಿಯಿರಿ.

ಮುಗಿದ ಮೇಲೆ ‘ಪಬ್ಲಿಷ್’ ಒತ್ತಿ. ಸಬ್‌ಟೈಟಲನ್ನು ಎಸ್‌ಆರ್‌ಟಿ ಫೈಲ್ ಆಗಿ ಇಳಿಸಿಕೊಂಡು ಮೂಲ ವಿಡಿಯೋದ ಜೊತೆಗೇ ಇಡಿ. ಅದು ಬರೀ ಅಕ್ಷರದ ಫೈಲು. ಸಾಲಿನ ಸಂಖ್ಯೆ, 00:00:12,500 ಎಂಬ ಥರದ ಸಮಯ, ಕೆಳಗೆ ಮಾತು. ನೋಟ್‌ಪ್ಯಾಡಿನಲ್ಲಿ ತಿದ್ದಿದರೆ ಸೇವ್ ಮಾಡುವಾಗ ‘ಎನ್‌ಕೋಡಿಂಗ್’ ಎಂಬಲ್ಲಿ ಯುಟಿಎಫ್-8 ಎಂದೇ ಆರಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಯಾದೀತು.

ನೋಡುವವರ ಮೊಬೈಲಿನಲ್ಲಿ ಸಬ್‌ಟೈಟಲ್ ಕಾಣಿಸುವ ‘ಸಿಸಿ’ ಗುಂಡಿ ಒತ್ತಿ ತೋರಿಸಿಕೊಡಿ, ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿಲ್ಲ. ಆ್ಯಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಸೆಸಿಬಿಲಿಟಿ’ ಒಳಗೆ ಈ ಅಕ್ಷರವನ್ನು ದೊಡ್ಡದು ಮಾಡಬಹುದು. ನಾನು ಕುಮಟಾಕ್ಕೆ ಹೋದಾಗ ಅತ್ತೆಯ ಮೊಬೈಲಿನಲ್ಲಿ ಅಷ್ಟು ಮಾಡಿಟ್ಟೆ. ಅಜ್ಜಿ ಬೆಕ್ಕನ್ನು ಬೈಯುವ ಜಾಗಕ್ಕೆ ಅವಳು ಬಂದು, ಹಿಂದೆ ಎಳೆದು, ಇನ್ನೊಂದು ಸಲ ಓದಿದಳು.