ಹರಳು, ಖನಿಜಗಳನ್ನು ಹುಡುಕುವ ಬಗೆ

ಜಾಗದ ಒಡೆಯರ ಅನುಮತಿ ಪಡೆದ ನಂತರವೇ ಕಲ್ಲು ಹುಡುಕಲು ಹೊರಡಬೇಕು. ಹೊಸಬರು ಪ್ರವಾಹ ಇಳಿದ ಮೇಲೆ ನದಿಯ ಒಳತಿರುವಿನ ಜಲ್ಲಿರಾಶಿಯಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿ ನೀರಿನ ವೇಗ ತಗ್ಗುವುದರಿಂದ ಗಾರ್ನೆಟ್‌ನಂಥ ಭಾರದ ಖನಿಜಗಳು ತಂಗುತ್ತವೆ. ಇಳಿಬಿಸಿಲಿಗೆ ಮುಖಮಾಡಿ ನಿಧಾನವಾಗಿ ನಡೆದರೆ, ಅಗೇಟ್ ಕಲ್ಲಿನ ಅಂಚು ಬೆಳಕನ್ನು ಒಳಗೆ ಬಿಟ್ಟುಕೊಂಡು ಜೇನಿನ ಹನಿಯಂತೆ ಹೊಳೆಯುವುದು ದೂರದಿಂದಲೇ ಕಾಣುತ್ತದೆ. ಆ ಹೊಳಪನ್ನು ಒಮ್ಮೆ ಕಂಡವರು ಮರೆಯಲಾರರು.

ಗುರುತು ಹಿಡಿಯುವಾಗ ಬಣ್ಣವೊಂದನ್ನೇ ನಂಬಬಾರದು. ಜರ್ಮನಿಯ ಖನಿಜತಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ, ಅತಿ ಮೆದುವಿಗೆ 1, ಅತಿ ಗಡಸಿಗೆ 10 ಎಂದು ಅಂಕ ಕೊಡುವ ಗಡಸುತನದ ಮಾಪಕವೇ ಹೆಚ್ಚು ಭರವಸೆಯದು: ನೋಟಕ್ಕೆ ಒಂದೇ ತೆರನಾದ ಎರಡು ಬಿಳಿ ಹರಳುಗಳಲ್ಲಿ, 7ರ ಗಡಸುತನದ ಕ್ವಾರ್ಟ್ಜ್ ಗಾಜನ್ನು ಗೀರುತ್ತದೆ, 3ರ ಕ್ಯಾಲ್ಸೈಟ್ ಗೀರಲಾರದು. ಕ್ಯಾಲ್ಸೈಟ್‌ನ ಮೇಲೆ ವಿನೆಗರ್ ಹನಿಸಿದರೆ ಸಣ್ಣ ಗುಳ್ಳೆಗಳೂ ಏಳುತ್ತವೆ. ಚಿನ್ನವೆಂದು ಭ್ರಮೆ ಹುಟ್ಟಿಸುವ ಪೈರೈಟನ್ನು ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದಾಗ ಹಸಿರುಗಪ್ಪು ಗೆರೆ ಮೂಡುತ್ತದೆ. ಚಿನ್ನದ ಗೆರೆ ಹಳದಿಯಾಗಿಯೇ ಇರುತ್ತದೆ.

ಒಡೆಯುವಾಗ ರಕ್ಷಣಾ ಕನ್ನಡಕ ಕಡ್ಡಾಯ. ಮರಗೆಲಸದ ಸುತ್ತಿಗೆಯ ಉಕ್ಕು ಚೂರಾಗಿ ಸಿಡಿಯಬಹುದಾದ್ದರಿಂದ ಭೂವಿಜ್ಞಾನಿಗಳು ಬಳಸುವ ಸುತ್ತಿಗೆಯನ್ನೇ ಕೊಳ್ಳಿ. ಸಡಿಲ ಬಂಡೆಯ ಕೆಳಗೆ, ಪಾಳುಬಿದ್ದ ಗಣಿಯೊಳಗೆ ಎಂದಿಗೂ ಹೋಗಬೇಡಿ. ಸಿಕ್ಕ ಪ್ರತಿ ಮಾದರಿಯನ್ನು ಕಾಗದದಲ್ಲಿ ಸುತ್ತಿ, ಸ್ಥಳ ಮತ್ತು ದಿನಾಂಕವನ್ನು ಅಲ್ಲಿಯೇ ಬರೆದಿಡಿ, ಏಕೆಂದರೆ ಊರುಕೇರಿ ತಿಳಿಯದ ಹರಳು ಎಷ್ಟೇ ಸುಂದರವಾಗಿದ್ದರೂ ಅಧ್ಯಯನಕ್ಕೆ ಹೆಚ್ಚು ಒದಗುವುದಿಲ್ಲ.